ಬಂಡೇಹಟ್ಟಿಯ ಹಳೇ ನೀರು

ಬೆಳಗಿನ ಆರೂವರೆಗೆ ಬಂಡೇಹಟ್ಟಿಗೆ ನೀರು ಬಿಟ್ಟರು. ಬಿಟ್ಟರು ಎಂದರೆ ಯಾರೂ ಹೋಗಿ ವಾಲ್ವ್ ತಿರುಗಿಸಲಿಲ್ಲ, ಆ ಕಾಲ ಹೋಗಿ ಎಷ್ಟೋ ವರ್ಷವಾಗಿತ್ತು. ಊರಿನಿಂದ ನಾಲ್ಕು ಕಿಲೋಮೀಟರು ಆಚೆ, ಡೇಟಾ ಸೆಂಟರಿನ ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ಓಬಕ್ಕನ ಎದುರಿನ ಪರದೆಯಲ್ಲಿ ಸಾವಿರದ ಆರುನೂರು ಮನೆಗಳ ಚುಕ್ಕೆಗಳು ತಾವಾಗಿಯೇ ಹಸಿರಾದವು. ಓಬಕ್ಕನ ಅಪ್ಪ ಪಂಚಾಯ್ತಿಯ ವಾಟರ್‌ಮನ್ ಆಗಿದ್ದವನು. ಸೈಕಲ್ಲಿಗೆ ಉದ್ದನೆಯ ಕಬ್ಬಿಣದ ಕೀಲಿ ಕಟ್ಟಿಕೊಂಡು ಓಣಿ ಓಣಿ ಸುತ್ತಿ, ಎಲ್ಲರಿಂದ ಬೈಸಿಕೊಂಡೇ ಸತ್ತ. ಮಗಳಿಗೆ ಕುರ್ಚಿ ಸಿಕ್ಕಿತ್ತು, ತಂಪು ಗಾಳಿ ಸಿಕ್ಕಿತ್ತು. ಬೈಗುಳ ಮಾತ್ರ ಅಪ್ಪನ ಆಸ್ತಿ ಮಗಳಿಗೆ ಬಂದ ಹಾಗೆ ಒಂದು ಚೂರೂ ಕಡಿಮೆಯಾಗದೆ ಬಂದಿತ್ತು.

ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪರದೆಯ ಮೇಲಿನ ಚರಂಡಿಯ ಗೆರೆಗಳು ಒಂದೊಂದಾಗಿ ನೀಲಿಗೆ ತಿರುಗಿದವು. ನೀಲಿ ಎಂದರೆ ಒಳ್ಳೆಯ ನೀರು ಬಳಕೆಯಾಗದೆ ಮೋರಿ ಸೇರುತ್ತಿದೆ ಎಂದು ಅರ್ಥ. ಓಬಕ್ಕ ಕಣ್ಣು ಉಜ್ಜಿಕೊಂಡಳು. ಅವಳ ಬೆನ್ನ ಹಿಂದೆ ಬಂದು ನಿಂತಿದ್ದ ಇಂಜಿನಿಯರ್ ಸಾದಿಕ್ ಟೀ ಲೋಟವನ್ನು ಮೇಜಿನ ಮೇಲಿಟ್ಟ.

"ಪಾಲುಗಾರ ನೋಟಿಸ್ ಕಳಿಸಿದ್ದಾನೆ ಓಬಕ್ಕ. ನಿಮ್ಮೂರು ನೂರಕ್ಕೆ ಇಪ್ಪತ್ತೆಂಟು ಪಾಲು ಚೆಲ್ತಾ ಇದೆಯಂತೆ. ಎಲ್ಲಿ ಸೋರ್ತಿದೆ ಹೇಳಿ? ಪೈಪ್ ಎಲ್ಲಾ ಹೊಸದು."

ಪಾಲುಗಾರ ಮನುಷ್ಯನಲ್ಲ. ಅದೊಂದು ಪ್ರೋಗ್ರಾಮು. ಊರವರು ಹೆಸರಿಟ್ಟು ಅದನ್ನು ಗಂಡಸು ಮಾಡಿದ್ದರು, ಬೈಯುವುದಕ್ಕೆ ಅನುಕೂಲವಾಗಲಿ ಅಂತ. ತೊಂಬತ್ತು ಕಿಲೋಮೀಟರು ದೂರದ ಡ್ಯಾಮಿನಿಂದ ಬರುವ ಒಂದೇ ಪೈಪಿನ ನೀರಿನಲ್ಲಿ ಊರಿಗೆಷ್ಟು, ಸೆಂಟರಿಗೆಷ್ಟು ಎಂದು ಹಂಚುವುದು ಅವನ ಕೆಲಸ. ಸೆಂಟರಿನ ಎರಡು ಕಟ್ಟಡಗಳ ತುಂಬ ಹಗಲೂ ರಾತ್ರಿ ಕಾಯುವ ಕಂಪ್ಯೂಟರುಗಳು. ಅವುಗಳನ್ನು ತಣ್ಣಗಿಡಲು ಹೊರಗಿನ ಗೋಪುರಗಳಲ್ಲಿ ನೀರು ಇಳಿಬಿಡುತ್ತಿದ್ದರು, ಅದು ಆವಿಯಾಗಿ ಹೋಗುತ್ತಿತ್ತು. ಬಿಸಿಲು ಧಾರಾಳ, ಜಮೀನು ಅಗ್ಗ, ಸೋಲಾರ್ ಕರೆಂಟು ಪಕ್ಕದಲ್ಲೇ ಇದೆ ಅಂತ ಈ ಬಯಲಿಗೆ ಬಂದು ಕಟ್ಟಿದವರಿಗೆ ನೀರಿನ ವಿಚಾರ ಆಮೇಲೆ ನೆನಪಾಯಿತು. ಧರಣಿ, ಲಾಠಿ, ಕೋರ್ಟು ಎಲ್ಲ ಮುಗಿದ ಮೇಲೆ ಒಂದು ಕಾನೂನು ಬಂತು: ಮೊದಲು ಊರಿನ ಅಗತ್ಯ, ಮಿಕ್ಕಿದ್ದು ಕಂಪನಿಗೆ. ಅವತ್ತು ಬಂಡೇಹಟ್ಟಿಯಲ್ಲಿ ಪಟಾಕಿ ಹೊಡೆದರು. ಅಗತ್ಯ ಎಂದರೆ ಎಷ್ಟು, ಅದನ್ನು ಅಳೆಯುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಅಳೆಯುತ್ತಿದ್ದವನು ಪಾಲುಗಾರನೇ. ಮನೆಯ ನಲ್ಲಿಗೊಂದು ಮೀಟರು, ಓಣಿಯ ಚರಂಡಿಗೊಂದು ಸೆನ್ಸರು. ಚರಂಡಿಗೆ ಬಂದ ನೀರಿನಲ್ಲಿ ಸಾಬೂನು, ಉಪ್ಪು, ಕೊಳೆ ಇದ್ದರೆ ಅದು ಬಳಸಿದ ನೀರು. ಒಳಗೆ ಹೋಗಿ ಹೊರಗೆ ಬರಲೇ ಇಲ್ಲವೆಂದರೆ ಅದೂ ಬಳಸಿದ್ದೇ, ಯಾರೋ ಕುಡಿದಿರಬೇಕು. ಚೊಕ್ಕಟವಾಗಿಯೇ ಮೋರಿಗೆ ಬಂದರೆ ಮಾತ್ರ ಪೋಲು.

"ನಲವತ್ತು ದಿನ ಟೈಮ್ ಇದೆ," ಎಂದ ಸಾದಿಕ್. "ಪೋಲು ನಿಲ್ಲಲಿಲ್ಲ ಅಂದ್ರೆ ಯುಗಾದಿಯಿಂದ ಪಾಲು ಕಟ್. ಒಂದ್ಸಲ ಇಳಿದ ಪಾಲು ಮತ್ತೆ ಏರಲ್ಲ. ಮೂರನೇ ಕಟ್ಟಡ ರೆಡಿ ಇಟ್ಕೊಂಡು ಆ ನೀರಿಗೇ ಕಾಯ್ತಿದ್ದಾರೆ."

ಸೋರಿಕೆ ಎಲ್ಲಿ ಎಂಬುದು ಓಬಕ್ಕನಿಗೆ ಗೊತ್ತಿತ್ತು. ಆ ಹೊತ್ತಿಗೆ ಸರಿಯಾಗಿ ತನ್ನ ಮನೆಯ ಹಿತ್ತಿಲ ಬಾಗಿಲಲ್ಲಿ ಅತ್ತೆ ಕಾಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಲ್ಕು ದಿನದಿಂದ ಜೋಪಾನ ಮಾಡಿದ್ದ ನೀರನ್ನು ಕೊಡ ಕೊಡವೇ ಮೋರಿಗೆ ಬಗ್ಗಿಸುತ್ತಿದ್ದಾಳೆ ಎಂಬುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು.

"ಸೋರಿಕೆ ಅಲ್ಲ ಸಾರ್. ಹಳೇ ನೀರು ಚೆಲ್ತಾರೆ," ಎಂದಳು ಕೊನೆಗೆ.

ಸಾದಿಕ್ ನಗುವುದಕ್ಕೂ ತ್ರಾಣವಿಲ್ಲದವನ ಹಾಗೆ ನಕ್ಕ. "ದಾವಣಗೆರೇಲಿ ನಮ್ಮ ಅಮ್ಮೀನೂ ಹಂಗೇ ಮಾಡ್ತಿದ್ರು ಕಣ್ರಿ. ಹೊಸ ನೀರು ಬಂತು ಅಂದ್ರೆ ಹಳೇದೆಲ್ಲ ಅಂಗಳಕ್ಕೆ. ಆದ್ರೆ ಇದನ್ನ ಪಾಲುಗಾರನಿಗೆ ಹೇಗೆ ಹೇಳೋದು?"

ಇಬ್ಬರೂ ಪರದೆ ನೋಡಿದರು. ಕಾರಣ ತುಂಬಲು ಒಂದು ಪಟ್ಟಿಯಿತ್ತು. ಪೈಪ್ ಒಡೆತ, ಕಳ್ಳ ಸಂಪರ್ಕ, ಮೀಟರ್ ದೋಷ. ಹಳೇ ನೀರು ಎಂಬುದು ಅದರಲ್ಲಿ ಇರಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಕಾಮಕ್ಕ ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಕೊಡಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮುಂದೆ ಕಾಲು ಚಾಚಿ ಕೂತಿದ್ದಳು. ಎಪ್ಪತ್ತೆರಡು ವರ್ಷವಾಗಿತ್ತು, ದನಿ ಮಾತ್ರ ಇಪ್ಪತ್ತರದು. ಮಗ ಲಾರಿ ಡ್ರೈವರು, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಹಾಗಾಗಿ ಮನೆಯಲ್ಲಿ ಇದ್ದವರು ಇಬ್ಬರೇ, ಜಗಳಕ್ಕೆ ಅಷ್ಟು ಸಾಕಾಗಿತ್ತು.

"ಅತ್ತೇ, ಬೆಳಿಗ್ಗೆ ಎಷ್ಟು ಕೊಡ ಚೆಲ್ಲಿದ್ರಿ?"

"ಐದು. ಯಾಕೆ? ನಾಕು ದಿನದ ನೀರು ಕುಡುದು ಹೊಟ್ಟೆ ಕೆಟ್ರೆ ಯಾರು ನೋಡ್ಬೇಕು?"

"ಆ ನೀರು ಡ್ಯಾಮಿನಾಗೆ ಆರು ತಿಂಗ್ಳು ನಿಂತಿರ್ತೈತೆ. ಪೈಪಿನಾಗೆ ಮೂರು ದಿನ ಬತ್ತೈತೆ. ನಮ್ಮನೇಗೆ ಬಂದು ನಾಕು ದಿನಕ್ಕೆ ಹಳೇದಾಯ್ತಾ?"

"ಆಗ ಅದಿನ್ನೂ ಹುಟ್ಟಿರಲ್ಲ ಕಣೇ," ಎಂದಳು ಕಾಮಕ್ಕ, ಮಗ್ಗಿ ಹೇಳಿಕೊಡುವ ಮೇಷ್ಟರ ಹಾಗೆ. "ನಲ್ಲಿಯಿಂದ ಈಚೆ ಬಂದ ಮ್ಯಾಲೆ ನೀರು ಹುಟ್ಟಿದ ಲೆಕ್ಕ. ಅಲ್ಲಿಂದ ಅದ್ಕೆ ವಯಸ್ಸಾಗ್ತೈತೆ."

ಈ ತರ್ಕಕ್ಕೆ ಉತ್ತರ ಕೊಡುವ ಪ್ರೋಗ್ರಾಮು ಆ ಎರಡು ಕಟ್ಟಡಗಳಲ್ಲಿ ಯಾವುದರಲ್ಲೂ ಇರಲಿಲ್ಲ. ಓಬಕ್ಕನಿಗೆ ನಿಜವಾಗಿ ಕಷ್ಟವಾಗುತ್ತಿದ್ದುದು ಬೇರೆಯದು. ಇದೇ ಕಾಮಕ್ಕ ಮೂರು ದಿನ ಅರ್ಧ ಬಕೀಟಿನಲ್ಲಿ ಸ್ನಾನ ಮಾಡುತ್ತಿದ್ದಳು, ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆ ನೆನೆಹಾಕುತ್ತಿದ್ದಳು. ನಾಲ್ಕನೇ ದಿನ ನೀರು ಬಾರದಿದ್ದರೆ ಎಂಬ ಭಯಕ್ಕೆ ಐದು ಕೊಡ ಮುಟ್ಟದೆ ಇಡುತ್ತಿದ್ದಳು. ನೀರು ಬಂದ ಕೂಡಲೇ ಆ ಭಯವನ್ನೆಲ್ಲ ಮೋರಿಗೆ ಸುರಿಯುತ್ತಿದ್ದಳು. ಊರಿಗೆ ಊರೇ ಹಾಗೆ. ಓಬಕ್ಕನೂ ರಜೆಯಿದ್ದ ದಿನ ಅದನ್ನೇ ಮಾಡಿದವಳು, ಯಾಕೆ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಅವತ್ತಿನಿಂದ ಅವಳು ಡ್ಯೂಟಿ ಮುಗಿಸಿ ಮನೆಗೆ ಹೋಗುವುದನ್ನು ಬಿಟ್ಟು ಓಣಿ ಹಿಡಿದಳು. ಒಂದು ಬಾಗಿಲು, ಇನ್ನೊಂದು ಬಾಗಿಲು. ಹಳೇ ನೀರು ಚೆಲ್ಲಬೇಡಿ, ಪಾಲು ಹೋಗ್ತೈತೆ, ಬೇಸಿಗೇಲಿ ಸಾಯ್ತೀವಿ. ಕೆಲವರು ಕೂರಿಸಿ ಕಾಫಿ ಕೊಟ್ಟು ಕಳಿಸಿದರು. ಕೆಲವರು ಕಂಪನಿ ಸಂಬಳ ತಿನ್ನುವವಳು ಎಂದು ಮುಖದ ಮೇಲೇ ಅಂದರು. ಸಂಕ್ರಾಂತಿ ಬಂತು, ಹೋಯಿತು. ಪರದೆಯ ಮೇಲೆ ಇಪ್ಪತ್ತೆಂಟು ಇಪ್ಪತ್ತೇಳಾಯಿತು, ಅದೂ ಯಾವುದೋ ಎರಡು ಓಣಿಯವರು ಮದುವೆಗೆ ಹೋಗಿದ್ದರಿಂದ.

ಒಂದು ನೀರಿನ ದಿನ ಅವಳಿಗೆ ರಜೆಯಿತ್ತು. ಬೆಳಿಗ್ಗೆ ನಲ್ಲಿ ಬುಸುಗುಟ್ಟಿತು. ಕಾಮಕ್ಕ ಕೊಡ ಎತ್ತಿದಳು. ಓಬಕ್ಕ ಹೊಸಿಲ ಮೇಲೆ ಕೂತಿದ್ದವಳು ತಡೆಯಲು ಏಳಬೇಕೆಂದುಕೊಂಡಳು, ಏಳಲಾಗಲಿಲ್ಲ. ಕಾಲು ಎಳೆಯುತ್ತಿತ್ತು. ಕೂತಲ್ಲೇ ಅಳು ಬಂತು. ದುಃಖಕ್ಕಿಂತ ಸುಸ್ತು ಹೆಚ್ಚಾಗಿದ್ದ ಅಳು ಅದು, ಸದ್ದಿಲ್ಲದೆ ಸುರಿಯಿತು.

ಕಾಮಕ್ಕ ಸೊಸೆಯನ್ನು ನೋಡಿದಳು. ಕೊಡವನ್ನು ಕೆಳಗಿಟ್ಟಳು. ಚೊಂಬಿನಲ್ಲಿ ಆ ಹಳೇ ನೀರನ್ನೇ ಮೊಗೆದು, ಬೀದಿ ಬಾಗಿಲಿಗೆ ಹೋಗಿ, ಓಣಿಯಲ್ಲಿ ತಂತಮ್ಮ ನಲ್ಲಿಯ ಮುಂದೆ ನಿಂತಿದ್ದ ಹೆಂಗಸರೆಲ್ಲ ನೋಡುವ ಹಾಗೆ ಗಟಗಟ ಕುಡಿದಳು.

"ನೋಡ್ರೇ, ಕುಡುದೀನಿ. ನಾಳೆ ನಾನು ಸತ್ತಿದ್ರೆ ಚೆಲ್ರಿ. ಬದುಕಿದ್ರೆ ಒಂದು ತೊಟ್ಟು ಚೆಲ್ಲಂಗಿಲ್ಲ," ಎಂದು ಕೂಗಿದಳು.

ಸಾಯಲಿಲ್ಲ. ಓಬಕ್ಕನ ನೂರು ಮಾತಿಗೆ ಆಗದ್ದು ಅತ್ತೆಯ ಒಂದು ಚೊಂಬಿಗೆ ಆಯಿತು. ನಾಲ್ಕು ದಿನದ ನಂತರ ನೀಲಿ ಗೆರೆಗಳು ಅರ್ಧಕ್ಕರ್ಧ ಇಳಿದವು. ಕಾಮಕ್ಕ ಕೋಲೂರಿಕೊಂಡು ಪ್ರತಿ ನೀರಿನ ದಿನ ಮೋರಿ ಕಾಯಲು ನಿಂತಳು. ನಲವತ್ತನೇ ದಿನ ಪೋಲು ನೂರಕ್ಕೆ ಮೂರಾಗಿತ್ತು. ಓಬಕ್ಕ ಅರ್ಧ ಕೇಜಿ ಮೈಸೂರುಪಾಕು ಕಟ್ಟಿಸಿಕೊಂಡು ಡ್ಯೂಟಿಗೆ ಹೋದಳು.

ಸಾದಿಕ್ ಪೊಟ್ಟಣ ತೆರೆಯಲಿಲ್ಲ. ಪರದೆಯನ್ನು ಅವಳ ಕಡೆಗೆ ತಿರುಗಿಸಿದ.

ಪಾಲುಗಾರ ಬರೆದದ್ದು ಎರಡೇ ಸಾಲು. ಬಂಡೇಹಟ್ಟಿಯ ಪೋಲು ನಿಂತಿದೆ. ಊರಿನ ನಿಜವಾದ ಅಗತ್ಯ ಈಗಿನ ಪಾಲಿನ ನೂರಕ್ಕೆ ಎಪ್ಪತ್ತೆರಡು ಎಂದು ಖಚಿತವಾಗಿದೆ, ಯುಗಾದಿಯಿಂದ ಅಷ್ಟನ್ನೇ ಬಿಡಲಾಗುವುದು.

ಓಬಕ್ಕ ಎರಡು ಸಲ ಓದಿದಳು. "ಚೆಲ್ಲೋದು ನಿಲ್ಸಿದ್ವಲ್ಲ ಸಾರ್?"

"ನಿಲ್ಸಿದ್ರಿ. ಅದಕ್ಕೇ ಐದು ಕೊಡ ಕಮ್ಮಿ ಹಿಡಿದ್ರಿ. ಕಮ್ಮಿ ಹಿಡಿದ್ರೆ ಅವನ ಪ್ರಕಾರ ಬೇಡ ಅಂತ." ಸಾದಿಕ್ ಹಣೆ ಒತ್ತಿಕೊಂಡ. "ನನಗೂ ಹೊಳೀಲಿಲ್ಲ ಓಬಕ್ಕ. ಪೋಲು ನಿಂತ್ರೆ ಪಾಲು ಉಳಿಯುತ್ತೆ ಅಂತಾನೇ ಅಂದ್ಕೊಂಡಿದ್ದೆ. ತಪ್ಪಾಯ್ತು."

"ಇದು ಚಳಿಗಾಲ ಸಾರ್! ಚಳಿಗಾಲದಾಗೆ ಯಾರಿಗೆ ನೀರು ಬೇಕು? ಚೈತ್ರದಾಗೆ ಬಂದು ಅಳೀಲಿ. ಆಗ ಈ ಪೂರಾ ಪಾಲೂ ನಮಗೆ ಸಾಲಲ್ಲ. ಬಾಣಂತಿ ಮನೆಗೆ ಏನು ಮಾಡ್ಬೇಕು, ಕುರಿಗೆ ಏನು ಕುಡುಸ್ಬೇಕು? ಚೆಲ್ಲಿದ್ರೆ ಪೋಲು ಅಂತಾನೆ, ಉಳಿಸಿದ್ರೆ ಬೇಡ ಅಂತಾನೆ. ಅವನ ಮನೆ ಹಾಳಾಗ!"

ಗಾಜಿನಾಚೆ ಗೋಪುರಗಳ ನೆತ್ತಿಯಿಂದ ಬಿಳಿಯ ಆವಿ ಏಳುತ್ತಲೇ ಇತ್ತು. ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಏನೋ ಕೇಳಿದ್ದಕ್ಕೆ ಇಲ್ಲಿ ಉತ್ತರ ತಯಾರಾಗುತ್ತಿತ್ತು. ಆಕ್ಷೇಪಣೆ ಹಾಕಿದರೆ ಇನ್ನೊಂದು ನಲವತ್ತು ದಿನ ಅಳೆಯುತ್ತಾನೆ, ಅದೇ ಕೊನೆ, ಎಂದು ಸಾದಿಕ್ ಹೇಳಿದ. ಹಾಕಿ ಎಂದಳು ಓಬಕ್ಕ. ಮೈಸೂರುಪಾಕನ್ನು ವಾಪಸು ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಅತ್ತೆಗೆ ಹೇಳುವುದು ಪಾಲುಗಾರನನ್ನು ಬೈದಷ್ಟು ಸುಲಭವಾಗಿರಲಿಲ್ಲ. ಹೇಳಿದಳು. ಕಾಮಕ್ಕ ಎಲೆಗೆ ಸುಣ್ಣ ಸವರಿದಳು.

"ಊರ ಮುಂದೆ ನಾಕು ದಿನದ ನೀರು ಕುಡ್ಸಿದೆ ನನಗೆ."

"ನಾನು ಕುಡ್ಸಲಿಲ್ಲ ಅತ್ತೆ, ನೀವೇ ಕುಡುದ್ರಿ."

"ಹೂಂ. ಈಗ ಏನಂತೆ ಅವನಿಗೆ? ನೆಟ್ಟಗೆ ಹೇಳು. ಚರಂಡಿಗೆ ಹೋಗಬಾರ್ದು, ಮನೆಯಾಗೂ ಉಳೀಬಾರ್ದು. ಅಷ್ಟೇ ತಾನೆ?"

"ಅಷ್ಟೇ. ಗಿಡಕ್ಕೆ ಹಾಕಾಣ ಅಂದ್ರೆ ಗಿಡ ಎಲ್ಲೈತೆ? ಓಣಿಯೆಲ್ಲ ಸಿಮೆಂಟು. ಎಲ್ಲಿ ಸುರುದ್ರೂ ಮೋರಿಗೇ ಹೋಗ್ತೈತೆ."

ಕಾಮಕ್ಕ ಎಲೆಯನ್ನು ಬಾಯಿಗಿಟ್ಟುಕೊಳ್ಳದೆ ಕೈಯಲ್ಲೇ ಹಿಡಿದು ಕೂತಳು. ಆಮೇಲೆ, ಸೊಸೆಗೆ ಅಂತಲ್ಲದೆ ತನಗೆ ತಾನೇ ಎಂಬಂತೆ ಮಾತಾಡಿದಳು.

"ನಾನು ಮದುವ್ಯಾಗಿ ಬಂದಾಗ ನಲ್ಲಿ ಎಲ್ಲಿತ್ತು? ಬಂಡೆಬಾವಿಯಿಂದ ಸೇದ್ತಿದ್ವಿ. ಬಾವಿಗೆ ಬರೀ ಕೊಡ ತಗಂಡು ಹೋಗಂಗಿರಲಿಲ್ಲ. ತಳದಾಗೆ ಹಳೇ ನೀರು ಇಟ್ಕಂಡು ಹೋಗಿ, ಅದನ್ನ ಬಾವಿಗೆ ಬಿಟ್ಟು, ಆಮ್ಯಾಲೆ ಹಗ್ಗ ಇಳಿಸ್ಬೇಕು. ನಮ್ಮತ್ತೆ ಹಂಗೇ ಹೇಳ್ಕೊಟ್ಟಿದ್ಲು. ನಲ್ಲಿ ಬಂತು, ಬಾವಿ ಬತ್ತೋಯ್ತು. ಕೈ ಮಾತ್ರ ಅಭ್ಯಾಸ ಬಿಡಲಿಲ್ಲ ನೋಡು. ಬಾವಿಗೆ ಬಿಡೋದನ್ನ ಮೋರಿಗೆ ಬಿಟ್ವಿ."

ಓಬಕ್ಕ ಅತ್ತೆಯ ಮುಖ ನೋಡಿದಳು. ಇಷ್ಟು ದಿನ ಮೂಢತನ ಎಂದು ಮನಸ್ಸಿನಲ್ಲೇ ಬೈದುಕೊಂಡು ತಿರುಗಿದ್ದಕ್ಕೆ ನಾಚಿಕೆಯಾಯಿತು. ಬಂಡೆಬಾವಿ ಊರ ಹಿಂದೆ ಇನ್ನೂ ಇತ್ತು. ಬಂಡೆಯನ್ನೇ ಕಡಿದು ಇಳಿಸಿದ ದೊಡ್ಡ ಬಾವಿ, ಮೂವತ್ತು ವರ್ಷದಿಂದ ಊರಿನ ಕಸದ ಗುಂಡಿ. ಅದರ ಸುತ್ತ ಚರಂಡಿಯಿಲ್ಲ, ಸೆನ್ಸರಿಲ್ಲ. ಪಾಲುಗಾರನ ನಕ್ಷೆಯಲ್ಲಿ ಆ ಜಾಗಕ್ಕೆ ಹೆಸರೂ ಇರಲಿಲ್ಲ.

ಕಸ ತೆಗೆಯುವುದಕ್ಕೆ ಆರು ದಿನ ಹಿಡಿಯಿತು. ಪ್ಲಾಸ್ಟಿಕ್ಕು, ಹರಿದ ಚಾಪೆ, ತುಕ್ಕು ಹಿಡಿದ ಕೂಲರ್ ಡಬ್ಬ, ಎಲ್ಲ ಟ್ರಾಕ್ಟರಿನಲ್ಲಿ ಹೋಯಿತು. ಮೊದಲು ಬಂದವರು ಹತ್ತು ಹೆಂಗಸರು, ಆಮೇಲೆ ಬಾವಿಯ ನೀರು ಕುಡಿದು ಬೆಳೆದ ಮುದುಕರೆಲ್ಲ ಬಂದರು. ಹಿಂದಿನ ಸಲ ಓಬಕ್ಕನಿಗೆ ಮುಖದ ಮೇಲೆ ಅಂದವರೂ ಬಂದರು, ಅಂದದ್ದನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ಆ ನಂತರ ಪ್ರತಿ ನೀರಿನ ದಿನ ಬೆಳಿಗ್ಗೆ ಊರು ಎರಡು ಕೆಲಸ ಮಾಡಿತು. ಹೊಸ ನೀರು ಹಿಡಿಯಿತು, ಹಳೇ ನೀರು ಹೊತ್ತಿತು. ಸೊಂಟದ ಮೇಲೆ, ತಲೆಯ ಮೇಲೆ, ಸೈಕಲ್ಲಿನ ಮೇಲೆ, ತರಕಾರಿ ಗಾಡಿಯ ಮೇಲೆ. ಡ್ಯೂಟಿಗೆ ಹೋಗುವ ಮುಂಚೆ ಮೂರು ಕೊಡ, ಬಂದ ಮೇಲೆ ಎರಡು, ಇದು ಓಬಕ್ಕನ ಪಾಲಿಗೆ ಬಿದ್ದದ್ದು. ನೀರನ್ನು ಹೊತ್ತು ತರುವುದು ಗೊತ್ತಿದ್ದ ಕೆಲಸ. ಹೊತ್ತುಕೊಂಡು ಹೋಗಿ ಸುರಿದು ಬರುವುದಕ್ಕೆ ಮನಸ್ಸನ್ನು ಒಪ್ಪಿಸುವುದು ಕಷ್ಟವಾಗುತ್ತಿತ್ತು. ಸುರಿದ ನೀರು ಒಣ ತಳಕ್ಕೆ ಬಿದ್ದು, ಮಣ್ಣು ಕುಡಿದು, ಕೊಡ ಬರಿದಾಗುವಷ್ಟರಲ್ಲಿ ಗುರುತೂ ಉಳಿಯುತ್ತಿರಲಿಲ್ಲ. ಅವಳು ದಡದ ಮೇಲೆ ನಿಂತು, ನಾನು ಮಾಡುತ್ತಿರುವುದಾದರೂ ಏನು ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಹುಡುಕಲು ಪುರಸತ್ತಿರಲಿಲ್ಲ, ಬಸ್ಸಿನ ಹೊತ್ತಾಗುತ್ತಿತ್ತು.

ಐದನೇ ನೀರಿನ ದಿನ ಅವಳು ಕೊಡ ಬಗ್ಗಿಸಿದಾಗ ಸದ್ದು ಬೇರೆಯಾಗಿತ್ತು. ಮೊದಲು ಅವಳಿಗೆ ತಿಳಿಯಲಿಲ್ಲ. ಎರಡನೇ ಕೊಡವನ್ನು ನಿಧಾನವಾಗಿ ಸುರಿದಳು. ಕೆಳಗೆ ಕತ್ತಲಲ್ಲಿ ನೀರಿನ ಮೇಲೆ ನೀರು ಬಿದ್ದ ಸದ್ದು ಬಂತು. ಪಕ್ಕದಲ್ಲಿ ನಿಂತಿದ್ದ ಹೆಂಗಸರು ಬಗ್ಗಿ ನೋಡಿದರು. ಮಣ್ಣು ಕುಡಿದು ಸಾಕಾಗಿ, ಅದರಡಿಯ ಬಂಡೆ ಇನ್ನು ಬಿಡುವುದಿಲ್ಲ ಎಂದು ತಡೆದುಕೊಂಡಿತ್ತು.

ಯುಗಾದಿಗೆ ಎರಡು ದಿನ ಇದ್ದಾಗ ಪಾಲುಗಾರನ ಅಳತೆ ಮುಗಿಯಿತು. ಸಾದಿಕ್ ಕಂಟ್ರೋಲ್ ರೂಮಿನ ಬಾಗಿಲು ಮುಂದೆ ಮಾಡಿ ಬಂದು ಕೂತ.

"ಬಿಟ್ಟ ನೀರಷ್ಟೂ ಹಿಡೀತಿದ್ದೀರಿ. ಚರಂಡಿಗೆ ಚೊಕ್ಕ ನೀರು ಒಂದು ಹನಿ ಬರ್ತಿಲ್ಲ. ಅಷ್ಟೂ ನೀರು ಎಲ್ಲಿ ಹೋಯ್ತು ಅಂತ ಪಾಲುಗಾರ ಕೇಳ್ತಿದ್ದಾನೆ. ಕಾರಣ ಹಾಕ್ಬೇಕು. ನಾನು ಸಹಿ ಮಾಡ್ಬೇಕು."

ಸುಳ್ಳು ಹೇಳಿದರೆ ಕೆಲಸ ಹೋಗುತ್ತದೆ, ನಿಜ ಹೇಳಿದರೆ ಪಾಲು ಹೋಗುತ್ತದೆ. ತಿಂಗಳಿಡೀ ಕೊಡ ಹೊತ್ತ ಓಬಕ್ಕನ ಸೊಂಟ ನೋಯುತ್ತಿತ್ತು, ಹೊಸ ಸುಳ್ಳೊಂದನ್ನು ಕಟ್ಟುವ ಶಕ್ತಿ ಇರಲಿಲ್ಲ.

"ಬಾಯಾರಿಕೆ ಸಾರ್," ಎಂದಳು.

"ಯಾರಿಗೆ?"

ಅವಳು ನೆಲ ನೋಡಿದಳು. ಸಾದಿಕ್‌ನ ಬೂಟಿನ ಅಂಚಿಗೆ ಕೆಂಪು ಮಣ್ಣು ಹತ್ತಿರುವುದು ಆಗ ಕಣ್ಣಿಗೆ ಬಿತ್ತು. ಸೆಂಟರಿನ ಆವರಣದಲ್ಲೆಲ್ಲ ಜಲ್ಲಿ ಹಾಸಿದ್ದರು. ಅಂಥ ಮಣ್ಣು ಇದ್ದದ್ದು ಊರ ಹಿಂದೆ, ಬಾವಿಯ ದಾರಿಯಲ್ಲಿ ಮಾತ್ರ. ಅವನು ಹೋಗಿ ನೋಡಿ ಬಂದಿದ್ದ.

ಸಾದಿಕ್ ಪಟ್ಟಿಯ ಕೊನೆಯಲ್ಲಿದ್ದ 'ಇತರೆ' ಎಂಬುದನ್ನು ಒತ್ತಿದ. ಪಕ್ಕದಲ್ಲಿ ಬಾಯಾರಿಕೆ ಎಂದು ಬರೆದ. ಸಹಿ ಹಾಕಿದ. ಪಾಲುಗಾರ ಸ್ವಲ್ಪ ಹೊತ್ತು ತೆಗೆದುಕೊಂಡು, ಬಂಡೇಹಟ್ಟಿಯ ಪಾಲು ಮೊದಲಿನಂತೆಯೇ ನೂರಕ್ಕೆ ನೂರು ಎಂದು ತೋರಿಸಿದ.

"ಮುಂದಿನ ವರ್ಷ ಬಾವಿಗೂ ಸೆನ್ಸರ್ ಹಾಕ್ತಾರೆ ಓಬಕ್ಕ," ಎಂದ ಸಾದಿಕ್.

"ಗೊತ್ತು ಸಾರ್," ಎಂದಳು ಅವಳು. ಸಂತೋಷ ಆಗಿತ್ತು, ಆದರೆ ಎದ್ದು ನಿಂತು ಪಡುವಷ್ಟು ಆಗಿರಲಿಲ್ಲ. ಕುರ್ಚಿಯಲ್ಲೇ ಕೂತು ಪಾಳಿ ಮುಗಿಸಿದಳು.

ಯುಗಾದಿಯ ಬೆಳಿಗ್ಗೆ ಎಣ್ಣೆ ಹಚ್ಚಿದ ತಲೆಯಲ್ಲೇ ಕಾಮಕ್ಕ ಸೊಸೆಯನ್ನು ಬಾವಿಗೆ ಎಬ್ಬಿಸಿಕೊಂಡು ಹೋದಳು. ಅಟ್ಟದಿಂದ ಹಗ್ಗ ತೆಗೆಸಿದ್ದಳು. ಕೊಡದ ತಳದಲ್ಲಿದ್ದ ಹಳೇ ನೀರನ್ನು ಬಾವಿಗೆ ಬಿಟ್ಟು, ಕೊಡದ ಕೊರಳಿಗೆ ಹಗ್ಗದ ಕುಣಿಕೆ ಹಾಕಿ ಇಳಿಸಿದಳು. ಮೂವತ್ತು ವರ್ಷದ ಮೇಲೂ ಕೈ ತಡವರಿಸಲಿಲ್ಲ. ಇಬ್ಬರೂ ಸೇರಿ ಸೇದಿದರು, ಅರ್ಧ ಕೊಡ ಬಂತು. ಊರಿನ ಸಾವಿರದ ಆರುನೂರು ಮನೆಗಳು ಬೇಡವೆಂದು ಬಿಟ್ಟ, ತಿಂಗಳಿಂದ ಸುರಿದು ಕೂಡಿದ ನೀರು.

ಕಾಮಕ್ಕ ಸೆರಗಿನಲ್ಲಿ ಸೋಸಿ, ಬೊಗಸೆಗೆ ಹಾಕಿಸಿಕೊಂಡು ಒಂದು ಗುಟುಕು ಕುಡಿದಳು. ಓಬಕ್ಕ ಅತ್ತೆಯ ಮುಖವನ್ನೇ ನೋಡುತ್ತ ನಿಂತಳು.

"ಹೆಂಗೈತೆ?"

ಕಾಮಕ್ಕ ಬಾಯಿ ಒರೆಸಿಕೊಂಡಳು. "ಈಗ ತಾನೆ ಹುಟ್ಟೈತೆ," ಎಂದಳು. "ತಗ, ನೀನೂ ಕುಡಿ."

ಓಬಕ್ಕ ಬಾವಿಯ ಕಟ್ಟೆಯ ಮೇಲೆ ಕುಸಿದು ಕೂತು, ಎರಡೂ ಕೈ ಸೇರಿಸಿ ಒಡ್ಡಿದಳು. ಅವಳಿಗೆ ನಿಜವಾಗಿಯೂ ಬಾಯಾರಿಕೆಯಾಗಿತ್ತು.